ಬಚ್ಚಲಿಲ್ಲದ ಬಿಳಿ ಮನೆ

ನಮ್ಮ ಹೊಸ ಮನೆಗೆ ಮೊದಲ ಸಲ ಬಂದವರೆಲ್ಲ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದರು, ಸಾಮಾನೆಲ್ಲ ಇನ್ನೂ ಬಂದಿಲ್ಲವಾ ಎಂದು. ಬಂದಿದೆ ಎಂದರೆ ನಂಬುತ್ತಿರಲಿಲ್ಲ. ಹಾಲ್ ಎಂದರೆ ಬಿಳಿ ಗೋಡೆಗಳು, ಒಂದು ಕಡೆ ನೆಲದಿಂದ ಸೂರಿನವರೆಗೆ ಗಾಜು, ಬೂದು ಬಣ್ಣದ ಒಂದು ಸೋಫಾ, ಗೇಣೆತ್ತರದ ಒಂದು ಟೀಪಾಯಿ. ಗೋಡೆಗೆ ಮೊಳೆ ಇಲ್ಲ, ಕ್ಯಾಲೆಂಡರ್ ಇಲ್ಲ, ನಮ್ಮ ಮದುವೆಯ ಫೋಟೋ ಇಲ್ಲ. ನನ್ನ ಗಂಡ ಬಂದವರನ್ನು ನಿಲ್ಲಿಸಿಕೊಂಡು, ಇದಕ್ಕೆ ಮಿನಿಮಲಿಸ್ಟ್ ಅಂತಾರೆ ಎಂದು ಬಿಡಿಸಿ ಹೇಳುತ್ತಿದ್ದರು. ಆ ಪದ ಕೇಳಿದರೆ ನನಗೆ ಈಗಲೂ ಬಾಯಲ್ಲಿ ಹುಳಿನೀರು ಬರುತ್ತದೆ.

ಹುಣಸೂರಿನಲ್ಲಿ ನನ್ನ ಗಂಡನದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ನಾನು ಪಕ್ಕದ ತಾಲ್ಲೂಕಾದ ಕೋಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವವಳು. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಇದ್ದೆವು. ಊರಾಚೆ ಒಂದು ಸೈಟು ತೆಗೆದುಕೊಂಡು, ಮಗಳ ಮದುವೆ ಮುಗಿಸಿ, ಆಮೇಲೆ ಮನೆ ಎಂದುಕೊಂಡಿದ್ದೆವು. ಮದುವೆ ಮುಗಿದ ಹೊತ್ತಿಗೆ ಒಂದು ಗೊಬ್ಬರದ ಕಂಪನಿಯವರು ತಮ್ಮ ಡೀಲರ್‌ಗಳನ್ನೂ ಅವರ ಹೆಂಡತಿಯರನ್ನೂ ಕಬಿನಿ ಹಿನ್ನೀರಿನ ಒಂದು ರೆಸಾರ್ಟಿಗೆ ಕರೆದರು. ನಾವೂ ಹೋದೆವು. ರೂಮಿನಲ್ಲಿ ಒಂದು ಮಂಚ, ಒಂದು ಕುರ್ಚಿ, ಎದುರಿಗೆ ಗಾಜು, ಗಾಜಿನಾಚೆ ನೀರು. ನನ್ನ ಗಂಡ ಆ ರೂಮಿನಲ್ಲಿ ಮಗುವಿನ ಹಾಗೆ ಮಲಗಿ ಎದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ, ಮನೆ ಅಂದರೆ ಹಾಗಿರಬೇಕು, ಮನಸ್ಸು ಎಷ್ಟು ಹಗುರ ಆಯಿತು ನೋಡು ಎನ್ನುತ್ತಿದ್ದರು. ಆ ರೂಮಿನಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲ, ಯಾರೂ ಬಟ್ಟೆ ಒಗೆಯುವುದಿಲ್ಲ, ಅದೆಲ್ಲ ಹಿಂದೆ ಎಲ್ಲೋ ಯಾರ ಕೈಯಲ್ಲೋ ನಡೆಯುತ್ತದೆ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ. ನಾನು ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ತಲೆಯಾಡಿಸಿದರು.

ಮೈಸೂರಿನಿಂದ ಒಬ್ಬ ಎಂಜಿನಿಯರನ್ನು ಕರೆತಂದರು. ಚಿಕ್ಕ ವಯಸ್ಸಿನ ಹುಡುಗ, ಮೆತ್ತನೆ ಮಾತು, ಯಾವಾಗಲೂ ಕಪ್ಪು ಅಂಗಿ. ನನಗೆ ಅಟ್ಟ ಬೇಕು, ರಾಗಿ ಅಕ್ಕಿ ಇಡಲು ಒಂದು ಕೋಣೆ ಬೇಕು, ಹಿಂದೆ ಒಲೆ ಇರುವ ಬಚ್ಚಲು ಬೇಕು ಎಂದೆ. ಅವನು ಮುಗುಳ್ನಕ್ಕು, ಗೀಸರ್ ಇರುವಾಗ ಒಲೆ ಯಾಕೆ ಮೇಡಂ ಎಂದ. ನಿಮ್ಮ ಮನೆಯಲ್ಲಿರೋ ಪಾತ್ರೆಯಲ್ಲಿ ದಿನಾ ಎಷ್ಟು ಬಳಸ್ತೀರಿ ಎಂದು ಕೇಳಿದ. ಬೇಡದ್ದನ್ನು ಬಿಡುವುದೇ ಡಿಸೈನ್ ಎಂದ. ಯಾವುದು ಬೇಡ ಎಂದು ತೀರ್ಮಾನಿಸಿದವನು ಅವನೇ. ನನ್ನ ಗಂಡ ಪಕ್ಕದಲ್ಲಿ ಕೂತು, ಅವನು ಒಂದೊಂದು ಗೆರೆ ಅಳಿಸಿದಾಗಲೂ ಸಂತೋಷಪಡುತ್ತಿದ್ದರು. ಅಟ್ಟ ಹೋಯಿತು. ಉಗ್ರಾಣ ಹೋಯಿತು. ಕಿಟಕಿಗಳ ಮೇಲಿನ ಸಜ್ಜಾ ಹೋಯಿತು, ಹೊಸ್ತಿಲು ಹೋಯಿತು. ಕೊನೆಗೆ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯೂ ಹೋಯಿತು.

ಗೃಹಪ್ರವೇಶವಾಗಿ ಆ ಮನೆಗೆ ಬಂದೆವು. ಮೊದಲ ವಾರವೇ ನನಗೆ ಅಸಹ್ಯ ಶುರುವಾಯಿತು. ಒಂದು ದಿನ ಮೀನು ಹುರಿದೆ. ವಾಸನೆ ಹೊರಗೆ ಹೋಗಲು ಸೂರಿನಲ್ಲಿ ಏನೋ ಒಂದು ಯಂತ್ರ ಅಡಗಿಸಿಟ್ಟಿದ್ದರು. ಅದು ಗುಂಯ್ ಎನ್ನುತ್ತಿತ್ತೇ ಹೊರತು ವಾಸನೆಯನ್ನು ಎಲ್ಲಿಗೂ ಒಯ್ಯಲಿಲ್ಲ. ವಾಸನೆ ಸೋಫಾಕ್ಕೆ ಹೋಗಿ ಕೂತಿತು. ಬೆಳಗ್ಗೆ ಎದ್ದು ಬಂದರೆ ಇಡೀ ಮನೆ ಬಾಯಿ ಮುಕ್ಕಳಿಸದ ಮನುಷ್ಯನ ಹಾಗೆ ನಾರುತ್ತಿತ್ತು. ಒಣಮೀನನ್ನು ಮನೆಯೊಳಗೆ ತರುವುದನ್ನೇ ಬಿಟ್ಟೆ. ಆದರೂ ಬೆಳ್ಳುಳ್ಳಿ ಒಗ್ಗರಣೆಯ ಎಣ್ಣೆ ಹನಿ ಹನಿಯಾಗಿ ಗೋಡೆಗೆ ಹತ್ತಿ, ಬಿಳಿ ಬಣ್ಣ ಒಲೆಯ ಹತ್ತಿರ ಹಳದಿಯಾಗಿ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಕಪಾಟುಗಳಿಗೆ ಹಿಡಿ ಇರಲಿಲ್ಲ, ಒತ್ತಿದರೆ ತೆರೆಯಬೇಕು. ಹಿಟ್ಟಿನ ಕೈಯಲ್ಲಿ ಒತ್ತಿದ ಗುರುತು, ಅರಿಸಿನದ ಗುರುತು, ಎಲ್ಲ ಅಲ್ಲೇ. ನನ್ನ ಗಂಡ ಅಂಗಡಿಯಿಂದ ಬಂದು ಆ ಗುರುತುಗಳನ್ನು ನೋಡಿ ಒಂದು ಬಟ್ಟೆ ತಂದು ನನ್ನ ಮುಂದೆ ಇಡುತ್ತಿದ್ದರು.

ಗಾಜಿನ ಗೋಡೆಯ ಕಥೆ ಇನ್ನೂ ಹೊಲಸು. ರೆಸಾರ್ಟಿನ ಗಾಜಿನಾಚೆ ಕಬಿನಿ ಇತ್ತು. ನಮ್ಮ ಗಾಜಿನಾಚೆ ಇದ್ದದ್ದು ಒಂದು ಖಾಲಿ ಸೈಟು, ಅದರ ಪಕ್ಕದಲ್ಲಿ ರಸ್ತೆ. ರಸ್ತೆಯಲ್ಲಿ ಹೋಗುವ ಗಂಡಸರಿಗೆ ಆ ಸೈಟಿನ ಲಾಂಟಾನ ಪೊದೆ ಕಂಡರೆ ಬೈಕು ನಿಲ್ಲಿಸಬೇಕು ಅನಿಸುತ್ತಿತ್ತು. ಕಾಫಿ ಕುಡಿಯಲು ಸೋಫಾದಲ್ಲಿ ಕೂತರೆ ಎದುರಿಗೆ ಯಾವನೋ ಒಬ್ಬ ಕಾಲು ಅಗಲಿಸಿ ನಿಂತಿರುತ್ತಿದ್ದ. ಕೆಲವರು ಮುಗಿಸಿ ತಿರುಗಿದಾಗ ಗಾಜಿನೊಳಗಿದ್ದ ನನ್ನನ್ನು ನೋಡಿ, ನನ್ನದೇ ತಪ್ಪು ಎನ್ನುವ ಹಾಗೆ ಮುಖ ಗಂಟಿಕ್ಕಿ ಹೋಗುತ್ತಿದ್ದರು. ಪರದೆ ಹಾಕೋಣ ಎಂದೆ. ಎಂಜಿನಿಯರ್ ಪರದೆ ಬೇಡ ಎಂದಿದ್ದಾನೆ, ಮನೆಯ ಅಂದವೇ ಆ ಬೆಳಕು ಎಂದರು ನನ್ನ ಗಂಡ. ಅವರು ಬೆಳಗ್ಗೆ ಅಂಗಡಿಗೆ ಹೋದರೆ ಕತ್ತಲಾದ ಮೇಲೆ ಬರುವವರು. ಆ ಬೆಳಕನ್ನು ಅವರು ನೋಡಿದ್ದೇ ಕಡಿಮೆ.

ಮುಂಗಾರು ಶುರುವಾದ ಸಂಜೆ ಮಳೆಹುಳಗಳು ಗಾಜಿಗೆ ಮುತ್ತಿದವು. ಎಲ್ಲಿಂದ ಒಳಗೆ ಬಂದವೋ, ಬೆಳಗ್ಗೆ ನೆಲದ ಮೇಲೆ ರೆಕ್ಕೆಗಳ ರಾಶಿ. ಬಿಳಿ ನೆಲದಲ್ಲಿ ಒಂದೊಂದೂ ಕಾಣುತ್ತದೆ. ಗುಡಿಸಿದರೆ ಹಾರುತ್ತವೆ, ಒರೆಸಿದರೆ ಅಂಟುತ್ತವೆ. ಸಜ್ಜಾ ಇಲ್ಲದ ಗೋಡೆಯ ಮೇಲೆ ಮಳೆನೀರು ಕಂದು ಗೆರೆಗಳನ್ನು ಎಳೆಯಿತು. ಹೊರಗಿನಿಂದ ನೋಡಿದರೆ ಮನೆ ಮೂಗು ಸುರಿಸಿಕೊಂಡ ಮಗುವಿನ ಹಾಗೆ ಕಾಣುತ್ತಿತ್ತು.

ಎಲ್ಲಕ್ಕಿಂತ ನನಗೆ ಹೇಸಿಗೆ ಅನಿಸುತ್ತಿದ್ದದ್ದು ಬಾತ್‌ರೂಮು. ಅಲ್ಲಿ ಬಕೆಟ್ ಇಡಲು ಜಾಗವಿಲ್ಲ, ಸೋಪು ಇಡಲು ಗೂಡಿಲ್ಲ. ಮೇಲಿನಿಂದ ಮಳೆಯ ಹಾಗೆ ನೀರು ಬೀಳುತ್ತದೆ. ಬಿದ್ದ ನೀರು ಗೋಡೆಯ ಅಂಚಿನಲ್ಲಿ ಬೆರಳು ಹಿಡಿಸದಷ್ಟು ಸಣ್ಣ ಸೀಳಿನಲ್ಲಿ ಇಳಿದು ಹೋಗಬೇಕು. ಸಾಮಾನ್ಯ ಜಾಲರಿ ಹಾಕಿದರೆ ಕಣ್ಣಿಗೆ ಚೆನ್ನಾಗಿರುವುದಿಲ್ಲವಂತೆ. ಆ ಸೀಳಿನೊಳಗೆ ಕೂದಲು, ಸೋಪಿನ ಲೋಳೆ, ಮೈಕೊಳೆ ಎಲ್ಲ ಸೇರಿ ಕಟ್ಟಿಕೊಳ್ಳುತ್ತಿತ್ತು. ಭಾನುವಾರ ಬಂತೆಂದರೆ ನಾನು ಮಂಡಿಯೂರಿ ಕೂತು, ಸೀಳಿನ ಮೇಲಿನ ಪಟ್ಟಿ ಎತ್ತಿ, ತಂತಿ ಹಾಕಿ ಅದನ್ನು ಎಳೆಯುತ್ತಿದ್ದೆ. ಕಪ್ಪಗೆ, ಉದ್ದಕ್ಕೆ, ಸತ್ತ ಇಲಿಯ ಬಾಲದ ಹಾಗೆ ಬರುತ್ತಿತ್ತು. ಆ ದಿನ ಮಧ್ಯಾಹ್ನ ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಗಂಡ ಸ್ನಾನ ಮಾಡಿ ಬಂದು, ಆ ಶವರ್ ಕೆಳಗೆ ನಿಂತರೆ ಜೀವಕ್ಕೆ ಎಷ್ಟು ಹಿತ ಎನ್ನುತ್ತಿದ್ದರು.

ಹೀಗಿರುವಾಗ ಮಗಳು ಬಾಣಂತನಕ್ಕೆ ಬಂದಳು. ಅವಳನ್ನು ಕೃಷ್ಣರಾಜನಗರಕ್ಕೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ, ಗಂಡು ಮಗು. ಆಸ್ಪತ್ರೆಯಿಂದ ನೇರವಾಗಿ ಹೊಸ ಮನೆಗೇ ಕರೆತಂದೆವು. ಬಾಣಂತಿಗೂ ಮಗುವಿಗೂ ನೀರು ಹಾಕಲು ಹಾರನಹಳ್ಳಿ ಕಡೆಯ ಊರಿನಿಂದ ನಮ್ಮ ಅತ್ತೆ ಬಂದರು. ಅತ್ತೆ ಅಲ್ಲಿ ನನ್ನ ಭಾವನ ಸಂಸಾರದ ಜೊತೆಗಿದ್ದಾರೆ. ಹೊಗೆಸೊಪ್ಪು ಬೆಳೆಯುವ ಮನೆ. ವಯಸ್ಸಾಗಿದ್ದರೂ ಗಟ್ಟಿ ಹೆಂಗಸು, ಯಾರ ಮುಲಾಜೂ ಇಲ್ಲ.

ಅತ್ತೆ ಎಂದರೆ ನನಗೆ ಬರೀ ಭಕ್ತಿ ಎಂದು ಯಾರೂ ತಿಳಿಯಬಾರದು. ಅವರು ದಿನವಿಡೀ ಎಲೆಅಡಿಕೆ ಜಗಿಯುತ್ತಾರೆ. ಉಗಿಯಲು ಆ ಮನೆಯಲ್ಲಿ ಎಲ್ಲೂ ಜಾಗ ಕಾಣದೆ ಅಡುಗೆಮನೆಯ ಬಿಳಿ ಸಿಂಕಿನಲ್ಲಿ ಉಗಿದರು. ಬೆಳಗ್ಗೆ ನಾನು ಅಕ್ಕಿ ತೊಳೆಯಲು ಹೋದರೆ ಸಿಂಕಿನ ತುಂಬ ಕೆಂಪು. ನನಗೆ ವಾಕರಿಕೆ ಬಂತು, ಅಂದೂಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಇನ್ನೆಲ್ಲಿ ಉಗೀಲವ್ವ? ಇತ್ತಲಿಲ್ಲ, ಮೋರಿಯಿಲ್ಲ. ನೀನೇ ಜಾಗ ತೋರ್ಸು" ಎಂದರು. ತೋರಿಸಲು ನನಗೂ ಜಾಗ ಹೊಳೆಯಲಿಲ್ಲ. ಒಂದು ಹಳೆಯ ಡಬ್ಬಿ ಕೊಟ್ಟೆ. ನನ್ನ ಗಂಡ ಆ ಡಬ್ಬಿಯನ್ನು ಕಂಡಾಗಲೆಲ್ಲ ಕಾಲಿನಿಂದ ಸೋಫಾದ ಹಿಂದಕ್ಕೆ ತಳ್ಳುತ್ತಿದ್ದರು.

ಬಾಣಂತಿಗೆ ನೀರು ಹಾಕುವುದೆಂದರೆ ನಮ್ಮ ಕಡೆ ಸಣ್ಣ ಕೆಲಸವಲ್ಲ. ಮೈಗೆ ಬಿಸಿ ಎಣ್ಣೆ ತಿಕ್ಕಿ, ಮಣೆ ಮೇಲೆ ಕೂರಿಸಿ, ಕುದಿಯುವ ಹಂಡೆಯಿಂದ ತೋಡಿ ತೋಡಿ ಸೊಂಟಕ್ಕೂ ಬೆನ್ನಿಗೂ ರಭಸವಾಗಿ ಹೊಯ್ಯಬೇಕು. ನಮ್ಮ ಬಾತ್‌ರೂಮಿನಲ್ಲಿ ಮಣೆ ಇಟ್ಟರೆ ಗಾಜಿನ ಬಾಗಿಲು ಮುಚ್ಚುವುದಿಲ್ಲ. ಗೀಸರಿನ ನೀರು ಎರಡು ಬಕೆಟ್ ಆಗುವಷ್ಟರಲ್ಲಿ ತಣ್ಣಗಾಗುತ್ತದೆ. ಗ್ಯಾಸ್ ಒಲೆ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ, ಹಾಲ್ ದಾಟಿ, ರೂಮು ದಾಟಿ, ನಾನೇ ಹೊತ್ತು ಕೊಡುತ್ತಿದ್ದೆ. ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು ಸೇರಿದ ಆ ನೀರನ್ನು ಸೀಳು ಎಳೆದುಕೊಳ್ಳಲಿಲ್ಲ. ಹೊಸ್ತಿಲಿಲ್ಲವಲ್ಲ, ನೀರು ಗಾಜಿನ ಕೆಳಗಿನಿಂದ ಹರಿದು ಮಲಗುವ ರೂಮಿಗೆ ಬಂತು. ದಿನಾ ಬಂತು. ಬಟ್ಟೆಯ ಕಪಾಟಿನ ಬುಡ ನೀರು ಕುಡಿದು ಊದಿಕೊಂಡು, ಹಳಸಿದ ಹಿಟ್ಟಿನ ವಾಸನೆ ಹೊಡೆಯತೊಡಗಿತು. ಹಸುಗೂಸು ಆ ವಾಸನೆಯ ಪಕ್ಕದಲ್ಲೇ ಮಲಗಿರುತ್ತಿತ್ತು.

ಒಂದು ಬೆಳಗ್ಗೆ ಮಗಳು ಎದ್ದು ನಿಲ್ಲುವಾಗ ಕಾಲು ಜಾರಿತು. ನುಣುಪಾದ ನೆಲ, ಮೇಲೆ ಎಣ್ಣೆ. ಅತ್ತೆ ಅವಳ ರಟ್ಟೆ ಹಿಡಿದರು, ಹಿಡಿದ ಭಾರಕ್ಕೆ ಅವರೂ ಜಾರಿದರು. ನಾನು ಬಿಸಿನೀರಿನ ಪಾತ್ರೆ ಕೆಳಗಿಟ್ಟು ಓಡಿಹೋಗುವಷ್ಟರಲ್ಲಿ ಇಬ್ಬರೂ ಆ ಲೋಳೆ ನೀರಿನಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದರು. ಮಗಳಿಗೆ ಹೊಲಿಗೆ ಇನ್ನೂ ಮಾಗಿರಲಿಲ್ಲ. ಅವಳು ಅಳಲಿಲ್ಲ, ಹೊಟ್ಟೆ ಹಿಡಿದುಕೊಂಡು ಬಾಯಿ ತೆರೆದು ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಡಾಕ್ಟರ್ ನೋಡಿ ಏನೂ ಆಗಿಲ್ಲ ಎಂದರು. ಆದರೆ ಆ ನೋಟ ನನ್ನ ಕಣ್ಣಿನಿಂದ ಹೋಗಲಿಲ್ಲ.

ಸಂಜೆ ಅತ್ತೆ ಮಗನನ್ನು ಎದುರಿಗೆ ಕೂರಿಸಿಕೊಂಡರು. "ಇದು ಬಾಣಂತಿ ಇರೋ ಮನೆಯಲ್ಲ ಕಣ್ಲಾ. ಕೂಸ್ನೂ ತಾಯ್ನೂ ನಮ್ಮೂರ್ಗೆ ಕರ್ಕೊಂಡೋಯ್ತೀನಿ. ಅಲ್ಲಿ ಬಚ್ಚಲಾದ್ರೂ ಅದೆ" ಎಂದರು. ನನ್ನ ಗಂಡ ಒಪ್ಪಲಿಲ್ಲ. ಹೊಸ ಮನೆ ಕಟ್ಟಿಸಿ ಮಗಳ ಬಾಣಂತನಕ್ಕೆ ಹಳ್ಳಿಗೆ ಕಳಿಸಿದರೆ ಬೀಗರು ಏನಂದುಕೊಳ್ಳುತ್ತಾರೆ ಎಂದರು. ಬಾತ್‌ರೂಮಿಗೆ ಒಂದು ರಬ್ಬರ್ ಮ್ಯಾಟ್ ತಂದು ಹಾಕಿದರು. ಬೂದು ಬಣ್ಣದ್ದನ್ನೇ ಹುಡುಕಿ ತಂದಿದ್ದರು.

ಆ ವಾರದಲ್ಲೇ ಎಂಜಿನಿಯರ್ ಫೋನು ಮಾಡಿದ. ಮನೆಗಳ ವಿಡಿಯೋ ಮಾಡಿ ಹಾಕುವ ಇಬ್ಬರು ಬರುತ್ತಾರೆ, ನಿಮ್ಮ ಮನೆಯನ್ನೇ ಆರಿಸಿದ್ದೇನೆ ಎಂದ. ನನ್ನ ಗಂಡನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಬೆಳಗ್ಗೆ ತಾವೇ ಎದ್ದು ಮನೆ ಖಾಲಿ ಮಾಡತೊಡಗಿದರು. ಕುರ್ಚಿಗಳ ಬೆನ್ನ ಮೇಲೆ ಒಣಹಾಕಿದ್ದ ಮಗುವಿನ ಬಟ್ಟೆ, ಸಾಂಬ್ರಾಣಿ ಹೊಗೆ ಹಾಕುವ ಮಡಕೆ, ಅತ್ತೆಯ ಡಬ್ಬಿ, ಎಣ್ಣೆ ಬಾಟಲಿ, ತೊಟ್ಟಿಲು, ಒಂದೊಂದನ್ನೂ ಎತ್ತಿ ಕಾರಿನ ಡಿಕ್ಕಿಗೆ ತುಂಬಿದರು. ಒಗೆಯದ ಬಟ್ಟೆಯ ಬಕೆಟ್ಟನ್ನು ಎರಡೇ ಬೆರಳಿನಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ಒಯ್ದರು. ಅವರದೇ ಮೊಮ್ಮಗನ ಬಟ್ಟೆ.

ಕೊನೆಗೆ ಉಳಿದದ್ದು ಮೂರು ಜೀವ. ಅವರನ್ನು ಮಹಡಿಯ ರೂಮಿನಲ್ಲಿ ಇರಿಸೋಣ ಎಂದರೆ, ಮಹಡಿಯ ಚಿತ್ರವನ್ನೂ ತೆಗೆಯುತ್ತೇವೆ ಎಂದು ವಿಡಿಯೋದವರು ಹೇಳಿದರು. ನನ್ನ ಗಂಡ ಕಾರಿನ ಕೀ ತೆಗೆದುಕೊಂಡು, "ಒಂದೆರಡು ಗಂಟೆ ಅಷ್ಟೇ ಕಣೇ. ಕಾರಲ್ಲಿ ಎಸಿ ಹಾಕಿ ಕೂರಿಸ್ತೀನಿ, ತಂಪಾಗಿರುತ್ತೆ" ಎಂದರು. ಬಾಣಂತಿಗೆ ತಂಪು. ನಾನು ಬೇಡ ಎಂದೆ, ಅತ್ತೆಯೂ ಬೈದರು. ಅಷ್ಟರಲ್ಲಿ ನನ್ನ ಗಂಡ ಮಗಳ ಕೈಹಿಡಿದು ಕಾರಿನವರೆಗೆ ಹೋಗಿಯಾಗಿತ್ತು. ಜಗಳ ಕೇಳಲಾರದೆ ಮಗಳೇ, ಹೋಗ್ಲಿ ಬಿಡಮ್ಮ ಎಂದು ಹತ್ತಿ ಕೂತಳು. ಅತ್ತೆ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅವಳ ಪಕ್ಕ ಕೂತರು.

ನಾನು ಒಳಗೆ ನಿಂತಿದ್ದೆ. ವಿಡಿಯೋದವನೊಬ್ಬ ನೆಲದ ಮೇಲೆ ಮಲಗಿ ಸೂರಿನ ಚಿತ್ರ ತೆಗೆಯುತ್ತಿದ್ದ. ಎಂಜಿನಿಯರ್ ಕ್ಯಾಮೆರಾದ ಮುಂದೆ, ಈ ಮನೆಯಲ್ಲಿ ಬದುಕಿಗೆ ಉಸಿರಾಡಲು ಜಾಗ ಇದೆ ಎಂದು ಹೇಳುತ್ತಿದ್ದ. ಗಾಜಿನಾಚೆ, ಖಾಲಿ ಸೈಟಿನ ಅಂಚಿನಲ್ಲಿ ನಮ್ಮ ಕಾರು ನಿಂತಿತ್ತು. ತಲೆಗೆ ಸ್ಕಾರ್ಫು ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡ ನನ್ನ ಮಗಳು ಸೆರಗಿನ ಮರೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಆಗ ಒಂದು ಬೈಕು ಬಂದು ನಿಂತಿತು. ಇಳಿದವನು ಆ ಕಡೆ ಈ ಕಡೆ ನೋಡಿ, ಕಾರಿನಲ್ಲಿ ಜನ ಇದ್ದಾರೆಂದು ಗಮನಿಸದೆಯೋ, ಗಮನಿಸಿಯೋ, ಅವಳ ಕಿಟಕಿಗೆ ನಾಲ್ಕು ಮಾರು ದೂರದಲ್ಲಿ ನಿಂತು ಜಿಪ್ಪು ಬಿಚ್ಚಿದ. ಮಗಳು ಮಗುವಿನ ಮೇಲೆ ಬಗ್ಗಿ ಮುಖ ಮುಚ್ಚಿಕೊಂಡಳು. "ಸರ್, ಆ ಕಾರು ಫ್ರೇಮಲ್ಲಿ ಬರ್ತಿದೆ, ಸ್ವಲ್ಪ ಆಚೆ ಹಾಕ್ತೀರಾ?" ಎಂದ ವಿಡಿಯೋದವನು ನನ್ನ ಗಂಡನಿಗೆ.

ನಾನು ಹಾಕುತ್ತೇನೆ ಎಂದೆ. ನನಗೆ ಕಾರು ಓಡಿಸಲು ಬರುತ್ತದೆ. ನನ್ನ ಗಂಡ ಪಕ್ಕದಲ್ಲಿದ್ದರೆ ಸ್ಟೇರಿಂಗ್ ಕೊಡುವುದಿಲ್ಲ, ಅಷ್ಟೇ. ಹೋಗಿ ಕೂತು, ಆಚೆ ಹಾಕುವ ಬದಲು ಪಿರಿಯಾಪಟ್ಟಣದ ರಸ್ತೆಗೆ ಇಳಿಸಿದೆ. ಮೊದಲು ಎಸಿ ಆರಿಸಿದೆ. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಅತ್ತೆ ಮಾತ್ರ ಸ್ವಲ್ಪ ದೂರ ಹೋದ ಮೇಲೆ, "ಅಂಗೇ ನಡಿ ಮಗ, ನಿಲ್ಲುಸ್ಬೇಡ" ಎಂದರು.

ಊರು ದಾಟುವಾಗ ಫೋನು ಬಂತು. ಬದಿಗೆ ನಿಲ್ಲಿಸಿ ಎತ್ತಿದೆ. ಎಲ್ಲಿದ್ದೀಯ ಎಂದು ನನ್ನ ಗಂಡ ಕೇಳಿದರು.

"ಹಾರನಹಳ್ಳಿ ಕಡೆ ಹೋಗ್ತಿದ್ದೀನಿ. ಬಾಣಂತನ ಮುಗಿಯೋವರೆಗೂ ಅಲ್ಲೇ ಇರ್ತೀವಿ. ನಿಮ್ಮ ಮನೆ ಈಗ ಪೂರ್ತಿ ಖಾಲಿ ಆಗಿದೆ, ಚೆನ್ನಾಗಿ ವಿಡಿಯೋ ತೆಗೆಸ್ಕೊಳ್ಳಿ" ಎಂದೆ.

 ಡಿಕ್ಕಿಯಲ್ಲಿ ಬಕೆಟ್ ಇದೆ, ಚೆಲ್ಲೀತು ನೋಡಿಕೋ ಎಂದರು. ನಾನು ಫೋನು ಇಟ್ಟೆ.

ಭಾವನ ಮನೆ ಸ್ವರ್ಗವೇನಲ್ಲ. ಕೊಟ್ಟಿಗೆ ಪಕ್ಕದಲ್ಲೇ ಇರುವುದರಿಂದ ನೊಣ. ಹೊಗೆಸೊಪ್ಪಿನ ಘಾಟು ಬಟ್ಟೆಯಲ್ಲೆಲ್ಲ ಸೇರುತ್ತದೆ. ಅಟ್ಟದ ಮೇಲೆ ಇಲಿಗಳ ಓಡಾಟ. ಆದರೆ ಹಿತ್ತಲಿನಲ್ಲಿ ಕಲ್ಲು ಹಾಸಿದ ಬಚ್ಚಲಿದೆ, ಒಲೆಯ ಮೇಲೆ ಹಂಡೆ ಇದೆ, ಹೊಯ್ದ ನೀರು ಮೋರಿಯಲ್ಲಿ ಹರಿದು ಬಾಳೆಗಿಡಗಳ ಬುಡಕ್ಕೆ ಹೋಗುತ್ತದೆ. ಮಾರನೆಯ ದಿನ ಅತ್ತೆ ಮಗಳಿಗೆ ಮನಸಾರೆ ನೀರು ಹೊಯ್ದರು. ಕತ್ತಲೆ ಕೋಣೆಯಲ್ಲಿ ಕಂಬಳಿ ಹೊದ್ದು ಮಗಳು ಮಧ್ಯಾಹ್ನದವರೆಗೆ ಬೆವರಿ ಮಲಗಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹಾಗೆ ಮಲಗಿದ್ದು ಅದೇ ಮೊದಲು. ನಾನು ಅಲ್ಲಿಂದಲೇ ಬಸ್ಸು ಬದಲಾಯಿಸಿಕೊಂಡು ಕೋಟೆಗೆ ಓಡಾಡಿದೆ. ಸಾಕುಸಾಕಾಗುತ್ತಿತ್ತು. ಆದರೂ ಒಂದು ರಾತ್ರಿಯೂ ಹೊಸ ಮನೆಗೆ ಹೋಗಿ ಮಲಗಲಿಲ್ಲ.

ನನ್ನ ಗಂಡ ಕೆಲವು ದಿನ ಬಿಗುಮಾನದಲ್ಲಿದ್ದರು. ಹೋಟೆಲಿನಲ್ಲಿ ಉಂಡು ಮನೆಗೆ ಬಂದು ಮಲಗುತ್ತಿದ್ದರಂತೆ. ಆಮೇಲೊಂದು ಸಂಜೆ ಬೈಕಿನಲ್ಲಿ ಬಂದು ಇಳಿದರು. ಮುಖ ಬಾಡಿತ್ತು. ಭಾವನ ಹೆಂಡತಿ ಮುದ್ದೆ, ಬಸ್ಸಾರು ಬಡಿಸಿದರೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಏನಾಯಿತು ಎಂದು ಅತ್ತೆ ಕೇಳಿದರು. ಬಾತ್‌ರೂಮಿನಲ್ಲಿ ನೀರು ಕಟ್ಟಿಕೊಂಡು ನಾರುತ್ತಿತ್ತು, ಕೆಲಸದವರು ಯಾರೂ ಬರಲಿಲ್ಲ, ನಾನೇ ಪಟ್ಟಿ ಎತ್ತಿ ನೋಡಿದೆ ಎಂದರು. ಎಣ್ಣೆ, ಹಿಟ್ಟು, ಕೂದಲು ಎಲ್ಲ ಕೊಳೆತು, ಅದರೊಳಗೆ ಹುಳ ಆಡುತ್ತಿತ್ತಂತೆ. ಅಲ್ಲೇ ವಾಂತಿ ಮಾಡಿಕೊಂಡರಂತೆ.

"ಅದನ್ನ ಯಾರು ಕ್ಲೀನ್ ಮಾಡ್ತಿದ್ರು?" ಎಂದು ನನ್ನ ಕಡೆ ನೋಡಿದರು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು.

"ನಾನು" ಎಂದೆ.

 ನನಗೆ ಕನಿಕರ ಬರಲಿಲ್ಲ. ಇಷ್ಟು ಕಾಲ ಜೊತೆಯಲ್ಲಿದ್ದು, ನನ್ನ ಕೈ ದಿನಾ ಏನನ್ನು ಮುಟ್ಟುತ್ತದೆ ಎಂದು ಒಮ್ಮೆಯೂ ನೋಡದ ಮನುಷ್ಯನ ಎದುರು ಕೂತಿದ್ದೇನೆ ಅನಿಸಿತು. ಆ ಸೀಳಿನಲ್ಲಿ ಕಂಡ ಹೊಲಸಿಗಿಂತ ಅದು ನನಗೆ ಹೆಚ್ಚು ಹೇಸಿಗೆ ಅನಿಸಿತು.  ಹಾಸಿಗೆ ಹಾಸಿಕೊಟ್ಟು, ಅಡುಗೆಮನೆಗೆ ಗೋಡೆ, ಹಿಂದೆ ಬಚ್ಚಲು ಕಟ್ಟಿಸದೆ ನಾನು ಬರುವುದಿಲ್ಲ ಎಂದಷ್ಟೇ ಹೇಳಿದೆ.

ಕಟ್ಟಿಸಿದರು. ಎಂಜಿನಿಯರನ್ನು ಕೇಳದೆ, ಹುಣಸೂರಿನ ಒಬ್ಬ ಗಾರೆ ಮೇಸ್ತ್ರಿಯನ್ನು ಹಿಡಿದು ಕೆಲಸ ಮಾಡಿಸಿದರು. ಅಡುಗೆಮನೆಗೆ ಗೋಡೆಯೂ ಬಾಗಿಲೂ ಬಂದವು. ಕಿಟಕಿಗಳಿಗೆ ಸಜ್ಜಾ ಬಂತು. ಹಿಂದೆ ಶೀಟು ಹೊದಿಸಿದ ಬಚ್ಚಲು, ಒಲೆ, ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಬಾತ್‌ರೂಮಿನ ಸೀಳನ್ನು ಒಡೆದು ಎಲ್ಲರ ಮನೆಯಲ್ಲಿರುವಂಥ ಜಾಲರಿ ಕೂರಿಸಿದರು. ಗಾಜಿಗೆ ದಪ್ಪ ಪರದೆಯನ್ನು ನಾನೇ ಹೊಲಿಸಿ ತಂದೆ. ಸುದ್ದಿ ತಿಳಿದು ಎಂಜಿನಿಯರ್ ಬಂದ. ಮನೆಯ ಸುತ್ತ ಒಂದು ಸುತ್ತು ಹಾಕಿ, ಸತ್ತವರ ಮನೆಗೆ ಬಂದವನ ಹಾಗೆ ಮೆಲ್ಲಗೆ, ಹೀಗೆ ಮಾಡುವ ಮುಂಚೆ ನನ್ನನ್ನು ಒಂದು ಮಾತು ಕೇಳಬಹುದಿತ್ತು ಮೇಡಂ ಎಂದ. ಅವನಿಗೆ ಹಿಂದಿನ ಬಚ್ಚಲು ತೋರಿಸಿದೆ. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು ನೋಡಿದ. ಕಾಫಿ ಕೊಟ್ಟೆ, ಕುಡಿದು ಹೋದ.

ಮಗಳು ಈಗ ಕೃಷ್ಣರಾಜನಗರದಲ್ಲಿದ್ದಾಳೆ. ಮಗು ಗೋಡೆ ಹಿಡಿದು ನಡೆಯುತ್ತದೆ. ಇಲ್ಲಿಗೆ ಬಂದಾಗ ಬಿಳಿ ಗೋಡೆಯ ಉದ್ದಕ್ಕೂ ಬೆಲ್ಲದ ಕೈ ಎಳೆದುಕೊಂಡು ಹೋಗುತ್ತದೆ. ನನ್ನ ಗಂಡ ಬಟ್ಟೆ ತರುತ್ತಾರೆ, ಆದರೆ ಈಗ ತಾವೇ ಒರೆಸುತ್ತಾರೆ. ಬಂದವರಿಗೆ ಮಾತ್ರ, ಮೊದಲು ಈ ಮನೆ ಹೇಗಿತ್ತು ಗೊತ್ತಾ ಎಂದು ಫೋನಿನಲ್ಲಿ ಆ ವಿಡಿಯೋ ತೋರಿಸುವುದನ್ನು ಬಿಟ್ಟಿಲ್ಲ. ಆಗ ನಾನು ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಈ ಮನೆಯಲ್ಲಿ ಈಗ ಇರಬಹುದು. ಬರಿಗಾಲಲ್ಲಿ ಮಾತ್ರ ನನಗೆ ಇನ್ನೂ ನಡೆಯಲಾಗುವುದಿಲ್ಲ. ಆ ನುಣುಪು ನೆಲ ಅಂಗಾಲಿಗೆ ತಾಗಿದರೆ ಮೈ ಮುದುಡುತ್ತದೆ. ರಬ್ಬರ್ ಚಪ್ಪಲಿ ಹಾಕಿಕೊಂಡೇ ಒಳಗೆಲ್ಲ ಓಡಾಡುತ್ತೇನೆ.